ಗಾಳಿಮಳೆ ಹಿಡಿಯಲು ಎಂಥ ಕ್ಯಾಮರಾ ಬೇಕು?

ಗುಡುಗುಮಳೆಯ ವೀಡಿಯೋ ತೆಗೆಯಲು ಯಾವ ಕ್ಯಾಮರಾ ಕೊಳ್ಳಬಹುದು ಎಂದು ಈಚೆಗೆ ನಾಲ್ಕೈದು ಮಂದಿ ಕೃಷಿಕ ಮಿತ್ರರು ನನ್ನಲ್ಲಿ ಕೇಳಿದರು. ಒಬ್ಬರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಎಂಬತ್ತು ಸಾವಿರದ ಕ್ಯಾಮರಾ ತರುತ್ತೇನೆಂದು ಹೊರಟಿದ್ದಾನಂತೆ. ಇನ್ನೊಬ್ಬರು, "ಫೋನಿನಲ್ಲೇ ಬರ್ತದಲ್ಲ, ಬೇರೆ ಎಂತಕ್ಕೆ?" ಎಂದರು. ಎರಡೂ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಕೆಲಸಕ್ಕೆ ಹತ್ತು ಹನ್ನೆರಡು ಸಾವಿರದೊಳಗಿನ ಸೆಕೆಂಡ್ ಹ್ಯಾಂಡ್ ಹ್ಯಾಂಡಿಕ್ಯಾಮ್ ಸಾಕು. ಜೊತೆಗೆ ಒಂದು ಗಟ್ಟಿ ಟ್ರೈಪಾಡ್ ಬೇಕೇ ಬೇಕು. (ಹ್ಯಾಂಡಿಕ್ಯಾಮ್ ಎಂಬುದು ಸೋನಿಯವರ ಹೆಸರು. ಆದರೆ ನಮ್ಮಲ್ಲಿ ಎಲ್ಲ ಕಂಪೆನಿಯದ್ದಕ್ಕೂ ಹಾಗೇ ಹೇಳುವುದು ರೂಢಿ.)

ಬಿರುಗಾಳಿಯ ಬೆನ್ನು ಹತ್ತಿ ಹೋಗಿ ಚಿತ್ರ ತೆಗೆಯುವ ಹವ್ಯಾಸ ಅಮೆರಿಕದ್ದು. ಅಲ್ಲಿನ ಡೇವಿಡ್ ಹೋಡ್ಲಿ ಎಂಬವರು 1956ರಲ್ಲಿ ನಾರ್ತ್ ಡಕೋಟದಲ್ಲಿ ಇದನ್ನು ಸುರು ಮಾಡಿದರು. 1977ರಲ್ಲಿ 'ಸ್ಟಾರ್ಮ್ ಟ್ರ್ಯಾಕ್' ಎಂಬ ಸಣ್ಣ ಪತ್ರಿಕೆಯನ್ನೂ ಹೊರಡಿಸಿದರು. ಬೆನ್ನಟ್ಟುವವರೇ ಬರೆದು, ಬೆನ್ನಟ್ಟುವವರೇ ಓದುವ ಪತ್ರಿಕೆ ಅದು. ಕೃಷಿಕರೇ ಬರೆಯುವ ಪತ್ರಿಕೆಯನ್ನು ಓದುವ ನಮಗೆ ಅದರ ರುಚಿ ವಿವರಿಸಬೇಕಾಗಿಲ್ಲ. 1996ರ 'ಟ್ವಿಸ್ಟರ್' ಸಿನೆಮಾ ನೋಡಿದವರಿಗೆ ಉಳಿದ ಸಂಗತಿ ಗೊತ್ತಿದೆ. ಅಲ್ಲಿ ನೆಲ ಚಪ್ಪಟೆ. ರಸ್ತೆಗಳು ಚೌಕುಳಿ ಹಾಕಿದ ಹಾಗೆ ನೇರ. ಹತ್ತಾರು ಮೈಲು ದೂರದ ಮೋಡದ ಬುಡ ಕಾಣುತ್ತದೆ. ದಿನಕ್ಕೆ ನೂರಾರು ಕಿಲೋಮೀಟರ್ ಕಾರು ಓಡಿಸಿ, ಮೋಡದ ಪಕ್ಕಕ್ಕೆ ಹೋಗಿ ನಿಲ್ಲುತ್ತಾರೆ. ಅವರಿಗೆ ಕೈಯಲ್ಲಿ ಹಿಡಿದು, ಕಾರಿನಿಂದ ಇಳಿದು, ಕೂಡಲೇ ತೆಗೆಯುವ ಕ್ಯಾಮರಾ ಬೇಕು.

ನಮ್ಮದು ಹಾಗಲ್ಲವಲ್ಲ. ಘಟ್ಟದ ಕೆಳಗೆ ಒಂದು ಗುಡ್ಡೆ ಹತ್ತಿದರೆ ಮುಂದೆ ಇನ್ನೊಂದು ಗುಡ್ಡೆ. ತೋಟದೊಳಗೆ ನಿಂತರೆ ಆಕಾಶವೇ ತುಂಡು ತುಂಡು. ತಿರುವು ರಸ್ತೆಯಲ್ಲಿ ಮಳೆಯ ಬೆನ್ನಿಗೆ ಬೈಕು ಓಡಿಸುವುದು ಮರದ ಗೆಲ್ಲಿಗೆ ತಲೆ ಕೊಟ್ಟ ಹಾಗೆ. ಆದರೆ ನಮಗೊಂದು ಅನುಕೂಲ ಉಂಟು. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಮೇಲೆ ಮೋಡ ಕಟ್ಟಿ, ಹೆಚ್ಚಿನ ದಿನ ಮೂಡು ದಿಕ್ಕಿನಿಂದಲೇ ನಮ್ಮ ಮೇಲೆ ಬರುತ್ತದೆ. ನಾವು ಓಡಬೇಕಾಗಿಲ್ಲ, ಅದೇ ಬರುತ್ತದೆ. ಕ್ಯಾಮರಾವನ್ನು ಮೂಡಕ್ಕೆ ತಿರುಗಿಸಿ ನಿಲ್ಲಿಸಿದರಾಯಿತು. ಕ್ಯಾಮರಾ ಆರಿಸುವ ಲೆಕ್ಕ ಇಲ್ಲಿಂದಲೇ ಸುರುವಾಗಬೇಕು. ಅಮೆರಿಕದವರು ಯಾವುದು ಹಿಡಿದಿದ್ದಾರೆ ಎಂದು ನೋಡಿ ಕೊಂಡರೆ ದುಡ್ಡು ದಂಡ.

ಇದರಿಂದ ಪ್ರಯೋಜನ ಎಂತ ಎಂದು ಕೇಳುವವರಿದ್ದಾರೆ. ನನ್ನ ಮನೆಯ ಉಪ್ಪರಿಗೆಯಿಂದ ಮೂಡಕ್ಕೆ ದೂರದ ಘಟ್ಟದ ಸಾಲು ಕಾಣುತ್ತದೆ. ನಾಲ್ಕು ಬೇಸಗೆಯ ವೀಡಿಯೋಗಳನ್ನು ಇಟ್ಟುಕೊಂಡಿದ್ದೇನೆ. ಮಳೆಯ ಪರದೆ ಬಿದ್ದು ಘಟ್ಟ ಮಸುಕಾದ ಹೊತ್ತಿನಿಂದ ಅಂಗಳಕ್ಕೆ ಮೊದಲ ತಂಪು ಗಾಳಿ ಬರುವ ತನಕ ನಮ್ಮಲ್ಲಿ ಸುಮಾರು ಇಪ್ಪತ್ತರಿಂದ ಮೂವತ್ತೈದು ನಿಮಿಷ. ಅಂಗಳದಲ್ಲಿ ಚಾಲಿ ಅಡಿಕೆ ಹರಡಿದವನಿಗೆ ಆ ಇಪ್ಪತ್ತು ನಿಮಿಷದ ಬೆಲೆ ಗೊತ್ತು. ಇನ್ನೊಂದು ಸಂಗತಿ: ನಮ್ಮಲ್ಲಿ ಅಡಿಕೆ ಮರ ಮುರಿಯುವುದು ಮಳೆ ಜೋರಾಗಿ ಹೊಯ್ಯುವಾಗ ಅಲ್ಲ, ಮಳೆಗೆ ಮೊದಲು ನುಗ್ಗುವ ಗಾಳಿಗೆ. ಮೋಡದೊಳಗೆ ತಂಪಾದ ಗಾಳಿ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಮುಂದಕ್ಕೆ ಚೆಲ್ಲುತ್ತದೆ. ಅದು ಕಣಿವೆಯ ಯಾವ ಬಾಯಿಯಿಂದ ತೋಟಕ್ಕೆ ಹೊಕ್ಕುತ್ತದೆ ಎಂಬುದು ವೀಡಿಯೋದಲ್ಲಿ ಸೋಗೆಗಳು ಬಾಗುವ ಕ್ರಮದಿಂದ ಕಾಣುತ್ತದೆ. ಗಾಳಿ ತಡೆಗೆ ಮರ ಎಲ್ಲಿ ನೆಡಬೇಕೆಂದು ನಾನು ನಿಶ್ಚಯಿಸಿದ್ದು ಹಾಗೆ ನೋಡಿಯೇ.

ಈಗ ಕ್ಯಾಮರಾದ ವಿಷಯ. ಮೊದಲು ನೋಡಬೇಕಾದ್ದು ಫೋಕಸ್ಸನ್ನು ಕೈಯಲ್ಲಿ ನಿಲ್ಲಿಸಲು ಬರುತ್ತದೋ ಇಲ್ಲವೋ ಎಂದು. ಮೋಡಕ್ಕೆ ಅಂಚಿಲ್ಲ, ಮಳೆಗೆ ಅಂಚಿಲ್ಲ. ತನ್ನಷ್ಟಕ್ಕೆ ಫೋಕಸ್ ಮಾಡುವ ಕ್ಯಾಮರಾ ಅದನ್ನು ಹುಡುಕುತ್ತಾ ಮುಂದೆ ಹಿಂದೆ ಅಲೆಯುತ್ತದೆ. ಕತ್ತಲಾದ ಮೇಲಂತೂ ಎರಡು ಮಿಂಚುಗಳ ನಡುವೆ ಅದಕ್ಕೆ ಹಿಡಿಯಲು ಏನೂ ಇಲ್ಲ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಗಾಜಿನ ಮೇಲಿನ ಹನಿಗೇ ಫೋಕಸ್ ಮಾಡಿ ಕುಳಿತುಬಿಡುತ್ತದೆ. ಬೆಳಕಿರುವಾಗಲೇ ದೂರದ ಗುಡ್ಡೆಗೆ ಫೋಕಸ್ ಕೊಟ್ಟು ಅಲ್ಲೇ ಬೀಗ ಹಾಕಲು ಸಾಧ್ಯವಿರಬೇಕು. ಬೆಳಕಿನ ಅಳತೆಗೂ ಇದೇ ಮಾತು. ಕ್ಯಾಮರಾದ ಇಷ್ಟಕ್ಕೆ ಬಿಟ್ಟರೆ ಕಪ್ಪು ಮೋಡವನ್ನು ಬೂದಿ ಬಣ್ಣ ಮಾಡಿ, ಚಿತ್ರದ ತುಂಬ ಮರಳು ಎರಚಿದ ಹಾಗೆ ಮಾಡುತ್ತದೆ. ಈ ಎರಡು ಅನುಕೂಲ ಇಲ್ಲದ ಕ್ಯಾಮರಾ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ನನಗೆ ಬೇಡ.

ಎರಡನೆಯದು ಅಗಲ ನೋಟ. ಅಂಗಡಿಯವರು ಝೂಮನ್ನೇ ಹೊಗಳುತ್ತಾರೆ. ಮೂವತ್ತು ಪಟ್ಟು, ಅದರ ಮೇಲೆ 'ಡಿಜಿಟಲ್' ಎಂದು ಮುನ್ನೂರು ಪಟ್ಟು! ಡಿಜಿಟಲ್ ಝೂಮ್ ಎಂದರೆ ಇದ್ದ ಚಿತ್ರವನ್ನೇ ಹಿಗ್ಗಿಸುವುದು, ಹೊಸದೇನೂ ಕಾಣುವುದಿಲ್ಲ. ಮೋಡ ಸಣ್ಣ ವಸ್ತು ಅಲ್ಲ ಮಾರಾಯ್ರೇ, ಅರ್ಧ ಆಕಾಶ ಅದೇ ಇರುತ್ತದೆ. ನಮಗೆ ಝೂಮು ಹಾಕದಿದ್ದಾಗ ಎಷ್ಟು ಅಗಲ ಕಾಣುತ್ತದೆ ಎಂಬುದು ಮುಖ್ಯ. ಸುಮಾರು 27 ಮಿಲಿಮೀಟರಿನಿಂದ ಸುರುವಾಗುವ ಲೆನ್ಸು ಒಳ್ಳೆಯದು. ಸೋನಿಯ ಸಿಎಕ್ಸ್ 405 ಎಂಬ ಅಗ್ಗದ ಮಾದರಿಗೆ ಇದು ಉಂಟು. ಆದರೆ ಅದರ ಬೆಳಕು ಹಿಡಿಯುವ ಸೆನ್ಸರ್ ತೀರಾ ಸಣ್ಣದು, ಮುಸ್ಸಂಜೆಯ ನಂತರ ಚಿತ್ರ ಕೆಡುತ್ತದೆ. ಅದೇ ಕಂಪೆನಿಯ ಎಎಕ್ಸ್ 53ರ ಸೆನ್ಸರ್ ದೊಡ್ಡದು, ಹಳೆಯದಾದರೂ ಬೆಲೆ ಏರುತ್ತದೆ. ಸಂಜೆ ಮಳೆಗೆ ಮೊದಲನೆಯದು ಸಾಕು, ರಾತ್ರಿ ಮಿಂಚೇ ಬೇಕೆನ್ನುವವರು ಎರಡನೆಯದರ ಬಗ್ಗೆ ಯೋಚಿಸಲಿ.

ನಾಲ್ಕು-ಕೆ ಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಸಾಮಾನ್ಯ ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 17 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ ಏಳೆಂಟು ಜಿಬಿ ಸಾಕು. ನಾಲ್ಕು-ಕೆಯಲ್ಲಿ 60 ಮೆಗಾಬಿಟ್ ಹಿಡಿದರೆ ಗಂಟೆಗೆ 27 ಜಿಬಿ. ಇಡೀ ಬೇಸಗೆಯದ್ದನ್ನು ಎಲ್ಲಿ ತುಂಬಿಸುವುದು? ಹತ್ತು ಹದಿನೈದು ಕಿಲೋಮೀಟರ್ ಆಚೆಯ ಮೋಡದ ಸ್ಪಷ್ಟತೆಯನ್ನು ನಡುವಿನ ತೇವ, ಮಬ್ಬು ತಿಂದುಹಾಕುತ್ತದೆ. ಕ್ಯಾಮರಾ ಎಷ್ಟು ಚೆನ್ನಾಗಿದ್ದರೂ ಮಬ್ಬಿನಲ್ಲಿ ಇಲ್ಲದ್ದನ್ನು ಕಾಣಿಸಲಾರದು.

ಫೋನಿನವರಿಗೆ ನನ್ನ ಉತ್ತರ: ಫೋನಿನ ಚಿತ್ರ ಚೆನ್ನಾಗಿರುತ್ತದೆ, ಅದರಲ್ಲಿ ತಕರಾರಿಲ್ಲ. ಹಗಲಿನಲ್ಲಿ ಅಗ್ಗದ ಹ್ಯಾಂಡಿಕ್ಯಾಮಿಗಿಂತ ವಾಸಿಯೂ ಹೌದು. ಆದರೆ ಒಂದೂವರೆ ಗಂಟೆ ಒಂದೇ ಕಡೆ ನೋಡಿಕೊಂಡು ಇರುವುದಕ್ಕೆ ಅದು ಆಗುವುದಿಲ್ಲ. ಬಿಸಿಯಾಗುತ್ತದೆ, ನಡುವೆ ಯಾರಾದರೂ ಕರೆ ಮಾಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಗಾಳಿಮಳೆಯ ಹೊತ್ತಿಗೆ ಫೋನು ನಮ್ಮ ಕೈಯಲ್ಲೇ ಇರಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಸಿಡಿಲಿನ ಸೂಚನೆ ಕೊಡುವುದು ಅದರಲ್ಲಿ. ಶಾಲೆಯಿಂದ ಮಕ್ಕಳು ಬಂದರೋ ಎಂದು ಕೇಳುವುದೂ ಅದರಲ್ಲಿ. ಸ್ಥಿರಚಿತ್ರದ ಕ್ಯಾಮರಾಗಳಲ್ಲಿ ಹಳೆಯವು ಅನೇಕ 29 ನಿಮಿಷ 59 ಸೆಕೆಂಡಿಗೆ ವೀಡಿಯೋ ತಾವೇ ನಿಲ್ಲಿಸುತ್ತವೆ. ಯುರೋಪಿನ ಸುಂಕದ ನಿಯಮಕ್ಕೆ ಹೊಂದಿಸಿ ಮಾಡಿದ್ದು ಅದು. ಕೊಳ್ಳುವ ಮೊದಲು ಕೇಳಿಕೊಳ್ಳಿ.

ಈ ನಿಲ್ಲದ ಓಟವನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಸಿಡಿಲಿನ ಹೊತ್ತಿಗೆ ಕ್ಯಾಮರಾದ ಹಿಂದೆ ಮನುಷ್ಯ ಇರಬಾರದು. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದೇ ಅರ್ಥ, ಒಳಗೆ ನಡೆಯಿರಿ. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಹೊರಗೆ ಬರಬೇಡಿ. ಗುಡ್ಡೆಯ ನೆತ್ತಿಯಲ್ಲಿ ಲೋಹದ ಟ್ರೈಪಾಡ್ ನೆಟ್ಟು ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುವುದು ಸಾಹಸ ಅಲ್ಲ, ಹುಚ್ಚು. ನಾನು ಉಪ್ಪರಿಗೆಯ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಟ್ರೈಪಾಡ್ ಇಟ್ಟು, ಗುಂಡಿ ಒತ್ತಿ, ಕೆಳಗೆ ಬರುತ್ತೇನೆ. ಗೋಡೆಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ ಇಡುವುದಿಲ್ಲ. ದೊಡ್ಡ ಬ್ಯಾಟರಿ ಅಥವಾ ಪವರ್ ಬ್ಯಾಂಕ್ ಬೇಕು. ಕೆಲವು ಕ್ಯಾಮರಾಗಳು ಪವರ್ ಬ್ಯಾಂಕಿನಿಂದ ಓಡುತ್ತಾ ರೆಕಾರ್ಡು ಮಾಡುತ್ತವೆ, ಕೆಲವು ಆಫ್ ಮಾಡಿದಾಗ ಮಾತ್ರ ಚಾರ್ಜು ಹಿಡಿಯುತ್ತವೆ. ಅಂಗಡಿಯಲ್ಲೇ ಸಿಕ್ಕಿಸಿ ನೋಡಿ.

ಟೇಪಿನ ಕ್ಯಾಮರಾ ಅಗ್ಗಕ್ಕೆ ಸಿಗುತ್ತದೆ ಎನ್ನುವವರೂ ಇದ್ದಾರೆ. ಅದರಲ್ಲೊಂದು ಗುಣ ನಿಜವಾಗಿ ಉಂಟು. ಅವುಗಳ ಸಿಸಿಡಿ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಹಿಡಿಯುತ್ತದೆ. ಈಗಿನ ಸಿಮಾಸ್ ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ ಮಿಂಚು ಹೊಡೆದಾಗ ಚಿತ್ರದ ಮೇಲರ್ಧ ಬೆಳಗಿ ಕೆಳಗರ್ಧ ಕತ್ತಲೆ ಉಳಿಯುವುದುಂಟು. ಆದರೆ ಟೇಪಿಗೆ ನಮ್ಮ ಹವೆ ಹಿಡಿಸುವುದಿಲ್ಲ. ಒಳಗೆ ತೇವ ಕಂಡರೆ ಕ್ಯಾಮರಾ ತಾನಾಗಿ ಮುಷ್ಕರ ಹೂಡುತ್ತದೆ, ಮಳೆಯ ದಿನವೇ! ಹೊಸ ಟೇಪು ಹುಡುಕುವುದೂ ತಾಪತ್ರಯ. ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸಿನೊಳಗೆ ಓರೆಯಾಗಿ ಟಾರ್ಚು ಬಿಡಿ. ಜೇಡನ ಬಲೆಯ ಹಾಗೆ ಬಿಳಿ ಎಳೆ ಕಂಡರೆ ಬೂಸ್ಟು ಹಿಡಿದಿದೆ, ವಾಪಸು ಕೊಡಿ. ಮನೆಗೆ ತಂದ ಮೇಲೆ ಮಳೆಗಾಲವಿಡೀ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ಟ್ರೈಪಾಡಿಗೆ ಮಾತ್ರ ಜಿಪುಣತನ ಬೇಡ. ಹಗುರದ್ದಾದರೆ ಕೊಕ್ಕೆಗೆ ಕಲ್ಲಿನ ಚೀಲ ನೇತು ಹಾಕಿ. ಟ್ರೈಪಾಡಿನ ಮೇಲಿಟ್ಟಾಗ ಕೈನಡುಕ ತಡೆಯುವ ಗುಂಡಿಯನ್ನು ಆಫ್ ಮಾಡಿ, ಇಲ್ಲವಾದರೆ ಚಿತ್ರ ತಾನೇ ತೇಲುತ್ತದೆ.

ಹವ್ಯಾಸಿಗಳ ಚಿತ್ರಕ್ಕೆ ಬೆಲೆ ಬಂದದ್ದು ಹೇಗೆ ಎಂದೂ ತಿಳಿದಿರಲಿ. 1957ರ ಜೂನ್ 20ರಂದು ನಾರ್ತ್ ಡಕೋಟದ ಫಾರ್ಗೋ ಪಟ್ಟಣಕ್ಕೆ ಸುಂಟರಗಾಳಿ ಬಡಿಯಿತು. ಜಪಾನಿನಲ್ಲಿ ಹುಟ್ಟಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಫುಜಿಟಾ ಊರವರು ತೆಗೆದ ನೂರಕ್ಕೂ ಹೆಚ್ಚು ಫೋಟೋಗಳನ್ನು ಒಟ್ಟುಮಾಡಿ, ಯಾವುದು ಎಲ್ಲಿಂದ, ಎಷ್ಟು ಹೊತ್ತಿಗೆ ತೆಗೆದದ್ದೆಂದು ಕೂಡಿಸಿ, ಆ ಗಾಳಿಯ ಹುಟ್ಟು-ಬೆಳವಣಿಗೆಯನ್ನು ಬಿಡಿಸಿಟ್ಟರು. 2013ರ ಮೇ 31ರಂದು ಒಕ್ಲಹೋಮದ ಎಲ್ ರೀನೋದಲ್ಲಿ ಎದ್ದ ಸುಂಟರಗಾಳಿಯ ಅಗಲ 2.6 ಮೈಲು. ಟಿಮ್ ಸಮರಾಸ್ ಎಂಬ ಅನುಭವಿ ಸಂಶೋಧಕರು, ಅವರ ಮಗ ಮತ್ತು ಒಬ್ಬ ಸಹೋದ್ಯೋಗಿ ಅದರಲ್ಲಿ ತೀರಿಕೊಂಡರು. ಆಮೇಲೆ ಬೆನ್ನಟ್ಟಿದವರೆಲ್ಲರ ವೀಡಿಯೋಗಳನ್ನು ತರಿಸಿ ಜೋಡಿಸಿದರು. ಬೇರೆ ಬೇರೆ ಕ್ಯಾಮರಾದ ಗಡಿಯಾರಗಳನ್ನು ಹೊಂದಿಸಿದ್ದು ಹೇಗೆ ಗೊತ್ತೇ? ಒಂದೇ ಮಿಂಚು ಎಲ್ಲರ ಚಿತ್ರದಲ್ಲೂ ಬಿದ್ದಿತ್ತು, ಆ ಮಿಂಚನ್ನೇ ಗುರುತಾಗಿ ಹಿಡಿದು! ಹೀಗೆ ಉಪಯೋಗಕ್ಕೆ ಬರುವುದು ಒಂದೇ ಕಡೆಯಿಂದ, ಕಡಿಯದೆ, ಸಮಯ ಮತ್ತು ದಿಕ್ಕು ಗೊತ್ತಾಗುವಂತೆ ತೆಗೆದ ಚಿತ್ರ. ಆಚೆ ಈಚೆ ಕುಣಿಸಿದ್ದರಿಂದ ಹೆಚ್ಚೇನೂ ಸಿಗದು.

ವೀಡಿಯೋ ಕೇಡನ್ನೂ ಮಾಡಿದ್ದುಂಟು. 1991ರಲ್ಲಿ ಕಾನ್ಸಾಸಿನ ಟಿವಿ ತಂಡವೊಂದು ಹೆದ್ದಾರಿ ಸೇತುವೆಯ ಅಡಿಯಲ್ಲಿ ಅವಿತು ಬದುಕಿದ ಚಿತ್ರ ಬಹಳ ಪ್ರಚಾರವಾಯಿತು. ಸೇತುವೆಯಡಿ ಕ್ಷೇಮ ಎಂದು ಜನ ನಂಬಿಬಿಟ್ಟರು. 1999ರ ಮೇ 3ರಂದು ಒಕ್ಲಹೋಮದಲ್ಲಿ ಮೂರು ಸೇತುವೆಗಳ ಅಡಿಯಲ್ಲಿ ಒಬ್ಬೊಬ್ಬರಂತೆ ಮೂವರು ಸತ್ತರು. ಹಾಗಾಗಿ, ಸಿಡಿಲಿನ ನಡುವೆ ಅಂಗಳದಲ್ಲಿ ನಿಂತು ತೆಗೆದ ವೀಡಿಯೋವನ್ನು ಎಲ್ಲರಿಗೂ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೋಡಿದ ಹುಡುಗರು ನಾಳೆ ಅದನ್ನೇ ಮಾಡುತ್ತಾರೆ.

ನನಗೊಂದು ಆಸೆ ಉಂಟು. ಒಂದೇ ಸಂಜೆಯ ಮಳೆಯನ್ನು ಮೂರು ಊರಿನಿಂದ ಮೂವರು ಹಿಡಿದರೆ ಅದು ಬಂದ ದಾರಿ, ವೇಗ ಎರಡೂ ಗೊತ್ತಾಗುತ್ತದೆ. ಮಿಂಚಿನಿಂದ ಗುಡುಗಿನ ತನಕದ ಅಂತರವನ್ನು ವೀಡಿಯೋದಲ್ಲಿ ಎಣಿಸಿ (ಸೆಕೆಂಡಿಗೆ 25 ಚಿತ್ರ), ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಹಿಡಿದರೆ ಸಿಡಿಲು ಬಿದ್ದ ದೂರ ಸಿಗುತ್ತದೆ. ಮೂರು ಕಡೆಯ ದೂರ ಸಿಕ್ಕಿದರೆ ನಕಾಶೆಯ ಮೇಲೆ ಜಾಗವೇ ಸಿಕ್ಕಿತು. ಇದಕ್ಕೆ ಬೇಕಾದ್ದು ಇಷ್ಟೇ: ರೆಕಾರ್ಡು ಸುರು ಮಾಡಿದ ಕೂಡಲೇ ಫೋನಿನ ಗಡಿಯಾರವನ್ನು ಸೆಕೆಂಡು ಕಾಣುವ ಹಾಗೆ ಲೆನ್ಸಿನ ಎದುರು ಹಿಡಿಯಿರಿ, ಆಮೇಲೆ ಹೆಸರು ಗೊತ್ತಿರುವ ಒಂದು ಗುಡ್ಡೆ ಚಿತ್ರದಲ್ಲಿ ಬರುವಂತೆ ಇಟ್ಟು ಬಿಡಿ. ನಾನಿರುವುದು ಸುಳ್ಯದ ಕಡೆ. ಸುಬ್ರಹ್ಮಣ್ಯ, ಬೆಳ್ತಂಗಡಿ, ಪುತ್ತೂರು ಸುತ್ತಿನಲ್ಲಿ ಮೂಡು ದಿಕ್ಕು ಕಾಣುವ ಮಾಳಿಗೆ ಇರುವ ಕೃಷಿಕರು ಯಾರಾದರೂ ಮುಂದಿನ ಏಪ್ರಿಲಿಗೆ ತಯಾರಿದ್ದರೆ ಸಂಪಾದಕರ ಮೂಲಕ ತಿಳಿಸಿ. ಕ್ಯಾಮರಾ ಕೊಂಡಾಗದಿದ್ದವರೂ ತಿಳಿಸಬಹುದು. ಕೊಳ್ಳುವ ಮೊದಲು ಬೇಕಾದರೆ ನನ್ನದನ್ನೇ ಒಂದು ವಾರ ಇಟ್ಟು ನೋಡಲಿ.