ಕಲ್ಲಿನ ಮೇಲೆ ಇಲ್ಲದ ಹೆಸರು

ಯುದ್ಧದಲ್ಲಿ ಮಡಿದ ನೆಂಟನನ್ನು ರೈತರ ಮನೆಗಳಲ್ಲಿ ‘ದಂಡಿಗೆ ಹೋದ ತಾತ’ ಎಂದಷ್ಟೇ ಹೇಳುವುದುಂಟು. ಮೊಮ್ಮಕ್ಕಳಿಗೆ ಹೆಸರೇ ತಿಳಿದಿರುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್ ಸವಾರರ ಸಾಹಸವನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಅದೇ ಯುದ್ಧದಲ್ಲಿ ಇಂದಿನ ಇರಾಕಿನ ನೆಲದಲ್ಲಿ ಗುಂಡಿಗೂ ರೋಗಕ್ಕೂ ತುತ್ತಾದವರ ಗತಿ ಬೇರೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದವರೂ ಅಲ್ಲಿ ಹೋರಾಡಿದರು. 1929ರಲ್ಲಿ ಬಸ್ರಾದಲ್ಲಿ ತೆರೆದ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರು ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ. 30,000ಕ್ಕೂ ಹೆಚ್ಚು ಸಾಮಾನ್ಯ ಸಿಪಾಯಿಗಳಿಗೆ ದಕ್ಕಿದ್ದು ದಳವಾರು ಲೆಕ್ಕ. ಕಣದಲ್ಲಿ ರಾಗಿ ಅಳೆದಂತೆ ಮನುಷ್ಯರನ್ನು ಅಳೆದರಲ್ಲ! ಇಂಥ ಭೇದಕ್ಕಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ.

ಆಯೋಗದ ಪಟ್ಟಿಯನ್ನು ಈಗ ಕಂಪ್ಯೂಟರಿನಲ್ಲಿ ಹುಡುಕಬಹುದು. ಎಷ್ಟೋ ಸಿಪಾಯಿಗಳ ತಂದೆಯ ಹೆಸರು, ಊರು, ಜಿಲ್ಲೆ ಅದರಲ್ಲಿವೆ. ನಮ್ಮ ತಿಗನಾರೆ, ತಾಳವಾಡಿ ಸೀಮೆ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈರೋಡು ಎಂದು ಹುಡುಕಿದರೆ ಸಿಗಲಿಕ್ಕಿಲ್ಲ. ಅದಕ್ಕೂ ಮೊದಲು ಮನೆಯ ಹಿರಿಯರನ್ನು ಕೇಳಬೇಕು: ತಾತನ ಹೆಸರೇನು? ಯಾವ ದಳ? ಪಿಂಚಣಿ ಯಾರ ಕೈಗೆ ಬರುತ್ತಿತ್ತು? ಅವರಿರುವಾಗಲೇ ಕೇಳಬೇಕು.

ಪೋಷಕರಲ್ಲೂ ನಮ್ಮದೊಂದು ಬಿನ್ನಹ. ಪೆಟ್ಟಿಗೆಯಲ್ಲಿ ಆ ಕಾಲದ ಪದಕವಿದ್ದರೆ ಹಳೇ ಬೆಳ್ಳಿಯ ತೂಕಕ್ಕೆ ಮಾರಬೇಡಿ. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಿಪಾಯಿಯ ನಂಬರು, ಹೆಸರು, ದಳ ಅಲ್ಲಿ ಸಣ್ಣಕ್ಷರದಲ್ಲಿ ಇರುತ್ತವೆ.