ಅನುಭವಿಗಳಿಗೆ ಮಾತ್ರ

ಕಳೆದ ಮಾಘಮಾಸದಲ್ಲಿ ಬೆಂಗಳೂರಿನ ನನ್ನ ಬಾಲ್ಯಮಿತ್ರನೊಬ್ಬ ಒಂದು ಕರಪತ್ರವನ್ನು ಕಳುಹಿಸಿಕೊಟ್ಟ. ಕುಮಟೆಯ ಬಳಿ, ಅಘನಾಶಿನಿಯ ಅಳಿವೆಯಲ್ಲಿ, ಕಾಂಡ್ಲ ಗಿಡಗಳ ನಡುವಣ ಕವಲು ನೀರಿನಲ್ಲಿ ಎರಡು ದಿನಗಳ ಗಾಳದ ವಿಹಾರ. ನುರಿತ ಮಾರ್ಗದರ್ಶಕರು ಜೊತೆಗಿರುತ್ತಾರೆ. ಊಟ ವಸತಿ ಸಹಿತ ತಲೆಗೆ ಎಂಟು ಸಾವಿರ ರೂಪಾಯಿ. ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಎಚ್ಚರಿಕೆ: "ಅನುಭವಿಗಳಿಗೆ ಮಾತ್ರ." ಗಾಳ ಹಿಡಿಯುವುದಿರಲಿ, ಮೀನಿನ ಸಾರನ್ನೂ ಉಂಡವನಲ್ಲ ನಾನು. ಆದರೂ ಆ ಸೀಮೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವವನೆಂಬ ಒಂದೇ ಅರ್ಹತೆಯ ಮೇಲೆ, ಪ್ರೇಕ್ಷಕನಾಗಿ, ದೋಣಿಯ ಹಿಂದಿನ ಹಲಗೆಯಲ್ಲಿ ನನಗೊಂದು ಸ್ಥಳ ಸಿಕ್ಕಿತು.

ಆ ಎರಡು ದಿನಗಳಲ್ಲಿ ಕಂಡದ್ದನ್ನು ಪ್ರವಾಸಕಥನವಾಗಿ ಬರೆದಿದ್ದರೆ ಓದುವುದಕ್ಕೆ ಹಿತವಾಗುತ್ತಿತ್ತೋ ಏನೋ. ಆದರೆ ನನಗೆ ಜಗಳವಾಡಬೇಕಾಗಿದೆ. "ಅನುಭವಿ" ಎಂಬ ಆ ಒಂದು ಮಾತಿನ ಮೇಲೆಯೇ ಜಗಳ. ಕನ್ನಡದಲ್ಲಿ ಅದು ಹಗುರವಾದ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ಕೂಡಿ ಕುಳಿತ ನೆಲೆಗೆ ಪರಂಪರೆ ಇಟ್ಟ ಹೆಸರೇ ಅನುಭವಮಂಟಪ. ಆ ಶರಣರ ನಡುವೆ ದೋಣಿ ನಡೆಸುವ ಚೌಡಯ್ಯ ತನ್ನ ಕಸುಬನ್ನು ಬಚ್ಚಿಡಲಿಲ್ಲ. ಅಂಬಿಗರ ಚೌಡಯ್ಯನೆಂದೇ ವಚನ ಹೇಳಿದ. ಎಂಟುನೂರು ವರ್ಷಗಳಾದ ಮೇಲೆ, ಅದೇ ಕನ್ನಡದ ಕರಪತ್ರದಲ್ಲಿ, ಅಂಬಿಗನು "ಸ್ಥಳೀಯ ಸಹಾಯಕ"ನಾಗಿದ್ದಾನೆ. ಅನುಭವಿ ಎಂದರೆ ಬೆಲೆಬಾಳುವ ಗಾಳದ ಕೋಲನ್ನು ಕೊಂಡವನು ಎಂದಾಗಿದೆ. ಹೊಳೆ ಯಾರದು, ಅದರ ವಿಚಾರದಲ್ಲಿ ಮಾತನಾಡುವ ಹಕ್ಕು ಯಾರದು ಎಂಬ ಲೆಕ್ಕ ಈ ಅದಲುಬದಲಿನೊಳಗೆ ಅಡಗಿದೆ. ಆದ್ದರಿಂದ ಇದನ್ನು ಅಚ್ಚಿನ ತಪ್ಪೆಂದು ಬಿಡಲಾರೆ.

ಅಘನಾಶಿನಿಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಶಿರಸಿಯ ಕಡೆ ಹುಟ್ಟಿ, ಘಟ್ಟವಿಳಿದು, ಕುಮಟೆಗೂ ಗೋಕರ್ಣಕ್ಕೂ ನಡುವೆ ತದಡಿಯ ಬಳಿ ಕಡಲು ಸೇರುವ ಹೊಳೆ ಇದು. ಅಣೆಕಟ್ಟೆಗೆ ಸಿಕ್ಕದೆ ಹರಿಯುವ ಅಪರೂಪದ ಹೊಳೆ. ಕಡಲನ್ನು ಮುಟ್ಟುವ ಮುನ್ನ ಹರವಾಗಿ ಚೆಲ್ಲಿಕೊಂಡು ಸಿಹಿ ಉಪ್ಪು ಬೆರೆತ ಒಂದು ಲೋಕವನ್ನೇ ಕಟ್ಟಿಕೊಂಡಿದೆ. ದಂಡೆಗುಂಟ ಗಜನಿ ಗದ್ದೆಗಳು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಅಲ್ಲಿ ಕಗ್ಗ ಎಂಬ, ಉಪ್ಪನ್ನು ತಾಳಬಲ್ಲ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ತೂಬು ತೆರೆದರೆ ಭರತದ ನೀರಿನೊಡನೆ ಸಿಗಡಿಯೂ ಮೀನಿನ ಮರಿಯೂ ಒಳಕ್ಕೆ ಬರುತ್ತವೆ. ಇಳಿತದಲ್ಲಿ ತಲೆಯೆತ್ತುವ ಮಳಲ ದಿಬ್ಬಗಳ ಸುತ್ತ ಹೆಂಗಸರು ನೀರಿನಲ್ಲಿ ಬಗ್ಗಿ ನಿಂತು ಬಳಚು ಹೆಕ್ಕುತ್ತಾರೆ. ಈ ಚಿಪ್ಪಿನ ಕಸುಬೊಂದರಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು ಮಂದಿ ತೊಡಗಿದ್ದಾರೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದ್ದುಂಟು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಲೋಕದ ಕಣ್ಣು ಬಿದ್ದದ್ದು ಈಗ. ಲೋಕದ ಗಾಳವೂ ಬೀಳತೊಡಗಿದೆ.

ನಾವು ದೋಣಿ ಹತ್ತಿದ್ದು ಹುಣ್ಣಿಮೆಯ ಮರುದಿನ. ಗಾಳಗಾರರು ಐವರು. ಅವರು ನುರಿತವರೆಂಬುದರಲ್ಲಿ ಸಂದೇಹವಿಲ್ಲ. ಅಂಡಮಾನಿಗೆ ಹೋಗಿ ಗಾಳ ಹಾಕಿ ಬಂದವರು. ಬಣ್ಣಬಣ್ಣದ ಸುಳ್ಳುಮೀನುಗಳನ್ನು ಪೆಟ್ಟಿಗೆಗಟ್ಟಲೆ ತಂದವರು. ಮೂವತ್ತು ಗಜ ದೂರದ ಕಾಂಡ್ಲದ ಬೇರಿನ ಸಂದಿಗೆ ಗುರಿತಪ್ಪದೆ ಎಸೆಯಬಲ್ಲವರು. ಆ ಎಸೆತದ ಚೆಲುವನ್ನು ನಾನು ಮೆಚ್ಚಿಯೇ ನೋಡಿದೆ. ಕರಪತ್ರದ "ಮಾರ್ಗದರ್ಶಕರು" ಬೆಂಗಳೂರಿನಿಂದಲೇ ಬಂದಿದ್ದರು. ಅವರ ಕೈಯಲ್ಲಿ ಮೊಬೈಲಿನ ನಕಾಶೆ. ದೋಣಿ ನಡೆಸುತ್ತಿದ್ದವನು ಅಂಬಿಗರ ಹುಡುಗ. ಹುಡುಗನೇನು, ನಲವತ್ತರ ಹತ್ತಿರದವನು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ.

ಮೂರು ತಾಸು ಕಳೆದರೂ ಮೀನು ಕಚ್ಚಲಿಲ್ಲ. "ಇಲ್ಲಿ ಬೇಡ, ನೀರು ತಿರುಗಿದ ಮೇಲೆ ಗಜನಿ ತೂಬಿನ ಬಾಯಿಗೆ ಹೋಗುವಾ" ಎಂದು ದೋಣಿಯವನು ಎರಡು ಸಲ ಹೇಳಿದ. ಇಳಿತದ ನೀರಿನೊಡನೆ ಹೊರಬೀಳುವ ಸಿಗಡಿಗಾಗಿ ದೊಡ್ಡ ಮೀನು ಅಲ್ಲಿ ಹೊಂಚಿ ನಿಲ್ಲುತ್ತದೆಂದು ಅವನ ತರ್ಕ. ಮಾರ್ಗದರ್ಶಕರು ನಕಾಶೆ ನೋಡಿ ಬೇಡವೆಂದರು. ಬೇಸತ್ತ ಮೇಲೆ ಒಪ್ಪಿದರು. ತೂಬಿನ ಬಾಯಲ್ಲಿ ಅರ್ಧ ತಾಸಿನೊಳಗೆ ಎರಡು ಕುರುಡಿ ಮೀನು ಸಿಕ್ಕಿದವು. ಒಂದಂತೂ ಐದು ಕಿಲೋಗೆ ಕಡಿಮೆಯಿಲ್ಲ. ಸಂಭ್ರಮದಲ್ಲಿ ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ. "ಈಗ ಹೊರಡದಿದ್ದರೆ ರಾತ್ರಿ ಇಲ್ಲೇ ಆಗ್ತದೆ" ಎಂದು ಅವನು ಎಚ್ಚರಿಸಿದಾಗ "ಇನ್ನು ನಾಲ್ಕೇ ಎಸೆತ" ಎಂದರು. ನಾಲ್ಕು ನಲವತ್ತಾಯಿತು. ಹುಣ್ಣಿಮೆ ಅಮಾವಾಸ್ಯೆಗಳ ಇಳಿತ ಉಳಿದ ದಿನಗಳ ಇಳಿತದಂತಲ್ಲ. ನೀರು ನೋಡನೋಡುತ್ತಿದ್ದಂತೆ ಸರಿದುಹೋಗಿ ದೋಣಿ ಕೆಸರಿನಲ್ಲಿ ಕೂತಿತು. ಅವನು ಸೊಂಟದವರೆಗೆ ಕೆಸರಿಗಿಳಿದು, ಬಳಚು ಹೆಕ್ಕುತ್ತಿದ್ದ ಇಬ್ಬರು ಹೆಂಗಸರನ್ನು ಕೂಗಿ ಕರೆದು, ದೋಣಿಯನ್ನು ನೂಕಿ, ನಕಾಶೆಯಲ್ಲಿಲ್ಲದ ಒಂದು ಕಾಲುವೆಗೆ ತಂದು ನಮ್ಮನ್ನು ದಡ ಸೇರಿಸಿದ. ಐವರು ಕೊಟ್ಟದ್ದು ನಲವತ್ತು ಸಾವಿರ. ಅವನ ಎರಡು ದಿನದ ಕೂಲಿ ಎರಡು ಸಾವಿರ. ಆ ಹೆಂಗಸರಿಗೆ ಯಾರೂ ಏನೂ ಕೊಟ್ಟದ್ದನ್ನು ನಾನು ಕಾಣಲಿಲ್ಲ. ನಾನೂ ಕೊಡಲಿಲ್ಲ.

ಅಂದಿನ ರಾತ್ರಿ ಊಟವಾದ ಮೇಲೆ ನನ್ನ ಮಿತ್ರ ಹೇಳಿದ: "ನಾವು ಹಿಡಿದ ಮೀನನ್ನು ಬಿಟ್ಟುಬಿಡುತ್ತೇವೆ. ಇವರು ಬಲೆ ಬೀಸಿ ಮರಿಯನ್ನೂ ಬಿಡದೆ ಬಾಚುತ್ತಾರೆ. ಹೊಳೆಯನ್ನು ಉಳಿಸುವವರು ನಾವು, ಮುಗಿಸುವವರು ಇವರು. ನೀನು ಸಾಹಿತ್ಯದವನು, ನಿನಗೆ ಇದು ಅರ್ಥವಾಗುವುದಿಲ್ಲ." ಉಳಿದ ನಾಲ್ವರೂ ತಲೆದೂಗಿದರು. ಅಂದು ನಾನು ಸುಮ್ಮನಿದ್ದೆ. ಇಂದು ಉತ್ತರ ಹೇಳುತ್ತೇನೆ.

ಮೀನುಗಾರರೆಲ್ಲ ದೇವತೆಗಳೆಂದು ವಾದಿಸಲು ನಾನು ಹೊರಟಿಲ್ಲ. ಸಣ್ಣ ಕಣ್ಣಿನ ಬಲೆ ನಾಳೆಯ ಮೀನನ್ನು ಇಂದೇ ತಿಂದುಹಾಕುತ್ತದೆ, ಅದು ತಪ್ಪೇ. ಎಚ್ಚರದಿಂದ ಹಿಡಿದು ಬೇಗನೆ ಬಿಟ್ಟ ಮೀನು ಹೆಚ್ಚುಪಾಲು ಬದುಕುತ್ತದೆ, ಅದೂ ನಿಜವೇ. ಆದರೆ ಗಾಳವನ್ನು ಒಳಕ್ಕೆ ನುಂಗಿದ ಮೀನು, ಸೆಣಸಿ ಸೋತು ಬಿಸಿಲಿನಲ್ಲಿ ಹೊರಗುಳಿದ ಮೀನು, ಬಿಟ್ಟರೂ ಬದುಕುವ ಭರವಸೆಯಿಲ್ಲ. ನಮ್ಮ ಐದು ಕಿಲೋ ಕುರುಡಿ ಮೂವರ ಕೈಯಲ್ಲಿ ಮೂರು ಫೋಟೋಗಳಿಗೆ ನಿಂತಿತು. ನೀರಿಗೆ ಬಿಟ್ಟಾಗ ಅಂಗಾತ ಮಗುಚಿತು. ಅದನ್ನು ಎರಡು ಕೈಯಲ್ಲಿ ಹಿಡಿದು, ಕಿವಿರಿಗೆ ನೀರು ಹಾಯುವಂತೆ ಹಿಂದುಮುಂದೆ ಆಡಿಸಿ, ಬಾಲ ಬಡಿಯುವ ತನಕ ಕಾದವನು ಬಲೆ ಬೀಸುವ ಆ ದೋಣಿಯವನೇ. ಉಳಿಸುವವರು ಯಾರು, ಮುಗಿಸುವವರು ಯಾರು?

ಇನ್ನೊಂದು ಸಂಗತಿ. ಕುರುಡಿ ಮೀನು ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಅಂದರೆ ದಾಖಲೆಯ ಆಸೆಯಿಂದ ಗಾಳಗಾರ ಅರಸುವ ದೊಡ್ಡ ಮೀನೇ ಮೊಟ್ಟೆಯಿಡುವ ತಾಯಿ. ಈ ಆಟವನ್ನು ದೊಡ್ಡ ಪ್ರಮಾಣದಲ್ಲಿ ಆಡುವ ಅಮೆರಿಕದ ಲೂಯಿಸಿಯಾನಾ ರಾಜ್ಯದ ಜೌಗುತೀರದಲ್ಲಿ, ಅಲ್ಲಿನವರ ಮೆಚ್ಚಿನ ಕೆಂಪು ಮೀನು ಕಡಿಮೆಯಾಗುತ್ತಿದೆಯೆಂದು ಕಂಡಾಗ, 2024ರ ಜೂನಿನಿಂದ ನಿಯಮ ಬಿಗಿಯಾಯಿತು. ದಿನಕ್ಕೆ ನಾಲ್ಕು ಮೀನು. 18 ಅಂಗುಲಕ್ಕೆ ಕಡಿಮೆಯದನ್ನೂ 27 ಅಂಗುಲ ಮೀರಿದುದನ್ನೂ ಇಟ್ಟುಕೊಳ್ಳುವಂತಿಲ್ಲ. ಬಾಡಿಗೆ ದೋಣಿಯ ಮಾರ್ಗದರ್ಶಕ ತನ್ನ ಪಾಲಿನ ಮೀನನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಲ್ಲಿ ಮಾರ್ಗದರ್ಶಕನಾಗಲು ಸರಕಾರದ ಪರವಾನಗಿ ಬೇಕು. ಗಾಳದ ಆಟವೂ ಹೊಳೆಗೆ ಭಾರವೆಂದು ಆಟದವರೇ ಒಪ್ಪಿದ ನಾಡು ಅದು. ಅಲ್ಲಿಯ ಕೋಲನ್ನೂ ದಾರವನ್ನೂ ತರಿಸಿಕೊಳ್ಳುವ ನಮ್ಮವರು ಅಲ್ಲಿಯ ಕಟ್ಟುಪಾಡನ್ನು ಮಾತ್ರ ಕಡಲಾಚೆಗೇ ಬಿಟ್ಟು ಬರುತ್ತಾರೆ.

ಹೊಳೆಯನ್ನು ಉಳಿಸುವ ಮಾತು ಬಂತು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಯೋಜನೆ ಬಂದಿತ್ತು. ಅದು ನಡೆದಿದ್ದರೆ ಇಂದು ಕರಪತ್ರ ಹಂಚಲು ಅಳಿವೆಯೇ ಈ ರೂಪದಲ್ಲಿ ಉಳಿಯುತ್ತಿರಲಿಲ್ಲ. ಎದುರು ನಿಂತವರಲ್ಲಿ ಬಲೆಯವರಿದ್ದರು, ಬಳಚಿನವರಿದ್ದರು, ಗದ್ದೆಯವರಿದ್ದರು. ಆಗ ನಾನು ಹೊಸದಾಗಿ ಬಂದ ಉಪನ್ಯಾಸಕ. ಆ ಸಭೆಗಳ ಹಿಂದಿನ ಸಾಲಿನಲ್ಲಿ ನಿಂತು ನೋಡಿದ್ದೇನೆ. ಗಾಳದ ಕೋಲು ಹಿಡಿದವರನ್ನು ಅಲ್ಲಿ ಕಂಡ ನೆನಪಿಲ್ಲ.

ಈ ಅಹಂಕಾರ ಇಂದಿನದಲ್ಲ. ನಮ್ಮ ದೇಶದ ಗಾಳಗಾರರಿಗೆ ಇಂದಿಗೂ ಆದಿಗ್ರಂಥವಾಗಿರುವ "ದಿ ರಾಡ್ ಇನ್ ಇಂಡಿಯಾ" ಪ್ರಕಟವಾದದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್. ಆ ಕಾಲದಿಂದ ಬಂದದ್ದು ಈ ಏರ್ಪಾಡು: ದೊರೆ ಆಟಗಾರ, ಊರವ ಹೊರೆಯಾಳು, ದೊರೆ ಹಿಡಿದರೆ ವಿನೋದ, ಊರವ ಹಿಡಿದರೆ ಕಳವು. ದೊರೆಗಳು ಹಡಗು ಹತ್ತಿದರು; ಏರ್ಪಾಡು ದಡದಲ್ಲೇ ಉಳಿಯಿತು. "ಕಾವೇರಿಯ ಶಿಬಿರಗಳಲ್ಲಿ ಗಾಳಗಾರರು ಇದ್ದಷ್ಟು ದಿನ ಮಹಶೀರ್ ಮೀನಿಗೆ ಕಾವಲಿತ್ತು, ಆಟ ನಿಲ್ಲಿಸಿದ ಮೇಲೆ ಕಾವಲೂ ಹೋಯಿತು" ಎಂದು ನನ್ನ ಮಿತ್ರ ವಾದಿಸುತ್ತಾನೆ. ಇದರಲ್ಲಿ ಹುರುಳಿಲ್ಲವೆನ್ನಲಾರೆ, ಕಾವೇರಿಯ ಆ ಮೀನನ್ನು 2018ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಆದರೆ ಆ ಶಿಬಿರಗಳಲ್ಲಿ ಹಗಲಿರುಳು ಕಾದವರು ಯಾರು? ಹೊಳೆಯನ್ನು ಬಲ್ಲ ಊರವರೇ. ಅವನ ಉದಾಹರಣೆ ನನ್ನ ಪಕ್ಷಕ್ಕೇ ಸಾಕ್ಷಿ ಹೇಳುತ್ತದೆ.

ಹೀಗೆ ಪರರನ್ನು ದೂರಿದ್ದಾಯಿತು. ಇನ್ನು ನನ್ನ ಪಾಲಿನದು. ದಡ ಸೇರಿದ ಮೇಲೆ ದೋಣಿಯವನು ಕಾಲಿನ ಕೆಸರು ತೊಳೆಯುತ್ತ ನಗುನಗುತ್ತಲೇ, "ಸರ್, ನನ್ನ ಪ್ರಬಂಧ ನೆನಪುಂಟೋ?" ಎಂದು ಕೇಳಿದ. ನೆನಪಿರಲಿಲ್ಲ, ಅವನು ನೆನಪು ಮಾಡಿಕೊಟ್ಟ. ನಾನು ಮೈಸೂರಿನ ಕಡೆಯಿಂದ ಬಂದ ಹೊಸತರಲ್ಲಿ "ನನ್ನ ಊರು" ಎಂಬ ವಿಷಯದ ಮೇಲೆ ತರಗತಿಗೆ ಪ್ರಬಂಧ ಬರೆಸಿದ್ದೆ. ಅವನು ಈ ಹೊಳೆಯನ್ನು ಕುರಿತು ಬರೆದಿದ್ದ. ಕಗ್ಗ, ಕಾಂಡ್ಲ, ಬಳಚು, ಭರತ, ಎಲ್ಲದರ ಕೆಳಗೂ ನಾನು ಕೆಂಪು ಗೆರೆ ಎಳೆದಿದ್ದೆನಂತೆ. "ಗಜನಿ" ಎಂದಿದ್ದಲ್ಲಿ, "ಮಹಮೂದನಿಗೂ ಕುಮಟೆಗೂ ಏನು ಸಂಬಂಧ?" ಎಂದು ಅಂಚಿನಲ್ಲಿ ಬರೆದು, ಇಪ್ಪತ್ತಕ್ಕೆ ಏಳು ಅಂಕ ಕೊಟ್ಟಿದ್ದೆನಂತೆ. ತರಗತಿಯಲ್ಲಿ ಗಟ್ಟಿಯಾಗಿ ಓದಿ ನಗಿಸಿಯೂ ಇದ್ದೆನಂತೆ. ಮರುವರ್ಷ ಅವನು ಕಾಲೇಜು ಬಿಟ್ಟ. ಅದಕ್ಕೆ ನೂರು ಕಾರಣಗಳಿದ್ದಾವು. ಅವುಗಳಲ್ಲಿ ಒಂದು ನಾನಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಅವನ ಅನುಭವವನ್ನು ಅನುಭವವಲ್ಲವೆಂದು ಮೊದಲು ತೀರ್ಪು ಕೊಟ್ಟವನು ಬೆಂಗಳೂರಿನ ಗಾಳಗಾರನಲ್ಲ. ಅನುಭವಮಂಟಪದ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವ ನಾನು.

ಹಾಗಾದರೆ ಗಾಳದ ಆಟವನ್ನೇ ನಿಷೇಧಿಸಬೇಕೆ? ಬೇಡ. ಅದರಿಂದ ದೋಣಿಯವನ ಎರಡು ಸಾವಿರವೂ ಹೋದೀತು. ಆಟ ನಡೆಯಲಿ, ಹೊಳೆಯವರ ಕಟ್ಟಳೆಯಲ್ಲಿ ನಡೆಯಲಿ. ಮಾರ್ಗದರ್ಶಕನೆಂಬ ಹೆಸರೂ ಅದರ ಸಂಭಾವನೆಯೂ ದಾರಿ ಬಲ್ಲವನಿಗೆ ಸಲ್ಲಲಿ. ಯಾವ ಕಾಲುವೆಗೆ ಹೋಗಬಹುದು, ಎಷ್ಟು ಮೀನು, ಎಷ್ಟು ದೊಡ್ಡದು ಎಂಬುದನ್ನು ಅಲ್ಲಿಯ ಮೀನುಗಾರರೂ ಪಂಚಾಯತಿಯೂ ಕೂಡಿ ಗೊತ್ತುಮಾಡಲಿ. ತಾಯಿಮೀನನ್ನು ನೀರಿನಿಂದ ಮೇಲೆತ್ತದೆಯೇ ಗಾಳ ಬಿಡಿಸಲಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯದೆ ನಿಲ್ಲುತ್ತವಷ್ಟೆ. ಹೊಟ್ಟೆಯವರು ತಾಳುವ 61 ದಿನಗಳನ್ನು ವಿನೋದದವರೂ ತಾಳಲಿ. ಗಜನಿಯ ಕಟ್ಟೆ ಒಡೆದಾಗ, ಕಾಂಡ್ಲಕ್ಕೆ ಕೊಡಲಿ ಬಿದ್ದಾಗ, ಇವರು ಬೆಂಗಳೂರಿನಿಂದ ಒಂದು ಮನವಿಯನ್ನಾದರೂ ಬರೆಯಲಿ. ಆಮೇಲೆ ತಮ್ಮನ್ನು ರಕ್ಷಕರೆಂದು ಕರೆದುಕೊಂಡರೆ ನನ್ನ ತಕರಾರಿಲ್ಲ.

ಮುಂದಿನ ಮಾಘಕ್ಕೆ ಮತ್ತೆ ಬರುತ್ತಾರಂತೆ. ಕನ್ನಡ ಮೇಷ್ಟ್ರೆಂದು ಹೊಸ ಕರಪತ್ರದ ಕರಡನ್ನು ತಿದ್ದಲು ಮಿತ್ರ ನನಗೇ ಕಳುಹಿಸಿದ್ದಾನೆ. "ಸ್ಥಳೀಯ ಸಹಾಯಕ" ಎಂಬುದನ್ನು ಹೊಡೆದುಹಾಕಿ ದೋಣಿಯವನ ಹೆಸರನ್ನು ಮಾರ್ಗದರ್ಶಕನೆಂದು ಮೇಲೆ ಬರೆದಿದ್ದೇನೆ. ಕೂಲಿಯ ಅಂಕಿಯನ್ನು ಅವನನ್ನೇ ಕೇಳಿ ತುಂಬಿದ್ದೇನೆ. "ಅನುಭವಿಗಳಿಗೆ ಮಾತ್ರ" ಎಂಬಲ್ಲಿ "ಕಲಿಯಬಯಸುವವರಿಗೆ" ಎಂದು ಮಾಡಿದ್ದೇನೆ. ಗಜನಿ ಎಂಬ ಮಾತಿನ ಕೆಳಗೆ ಈ ಸಲ ಗೆರೆ ಎಳೆದಿಲ್ಲ. ಕರಡು ಹೋಗಿ ಮೂರು ವಾರವಾಯಿತು; ಉತ್ತರ ಇನ್ನೂ ಬಂದಿಲ್ಲ.