ವಸತಿ ಅರ್ಜಿಗೆ ದಾಖಲೆ, ಸರದಿ ಮತ್ತು ಲಿಖಿತ ಉತ್ತರ ಕೋರಿ ಗ್ರಾಮೀಣ ವಸತಿರಹಿತ ಕುಟುಂಬಗಳ ಮನವಿ ಪತ್ರ

ಇವರಿಗೆ:
ಸರ್ಕಾರದ ಕಾರ್ಯದರ್ಶಿಗಳು, ವಸತಿ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
ವ್ಯವಸ್ಥಾಪಕ ನಿರ್ದೇಶಕರು, ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಿಯಮಿತ, ಬೆಂಗಳೂರು

ಇವರಿಂದ:
ಗ್ರಾಮ ಪಂಚಾಯಿತಿಗಳ ಮೂಲಕ ವಸತಿ ನೆರವು ಕೋರಿರುವ ನಿವೇಶನರಹಿತ ಹಾಗೂ ವಸತಿರಹಿತ ಕುಟುಂಬಗಳು

ವಿಷಯ: ವಸತಿ ನೆರವಿನ ಅರ್ಜಿಗಳ ಸ್ವೀಕೃತಿ, ಸರದಿ, ನಿವೇಶನ ದಾಖಲೆ ಮತ್ತು ಕಂತು ಬಿಡುಗಡೆಯ ನಿಯಮಗಳನ್ನು ತಿದ್ದುವ ಕುರಿತು.

ಮಾನ್ಯರೇ,

ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಹಣದ ನೆರವು ನೀಡುವ ಕೆಲಸ ಕರ್ನಾಟಕದಲ್ಲಿ 1991–92ರ ಆಶ್ರಯ ಯೋಜನೆಯೊಂದಿಗೆ ವ್ಯಾಪಕ ರೂಪ ಪಡೆಯಿತು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಅಂದಿನಿಂದ ಈ ಯೋಜನೆಗಳ ಅನುಷ್ಠಾನ ಸಂಸ್ಥೆಯಾಗಿ, ಅಂದರೆ ಗುರಿ ಹಂಚುವ, ಮಂಜೂರಾತಿ ದಾಖಲಿಸುವ ಮತ್ತು ಫಲಾನುಭವಿಯ ಬ್ಯಾಂಕ್ ಖಾತೆಗೆ ಕಂತು ಜಮೆ ಮಾಡುವ ಸಂಸ್ಥೆಯಾಗಿ, ನಡೆದುಬಂದಿದೆ. ಬಸವ ವಸತಿ ಯೋಜನೆ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ದೇವರಾಜ ಅರಸು ವಸತಿ ಯೋಜನೆ, ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಯೋಜನೆ ಎಂದು ಹೆಸರುಗಳು ಬೇರೆಯಾದರೂ ಹಳ್ಳಿಯ ಕುಟುಂಬದ ಪಾಲಿಗೆ ಇವೆಲ್ಲಕ್ಕೂ ಇರುವ ಬಾಗಿಲು ಗ್ರಾಮ ಪಂಚಾಯಿತಿ ಒಂದೇ. ಈ ಯೋಜನೆಗಳಿಂದ ಗುಡಿಸಲು ಬಿಟ್ಟು ಗಟ್ಟಿ ಮನೆ ಸೇರಿದ ಕುಟುಂಬಗಳು ಪ್ರತಿ ತಾಲ್ಲೂಕಿನಲ್ಲೂ ಇವೆ, ಮತ್ತು ಆ ಸಾಧನೆಯನ್ನು ಅರ್ಜಿದಾರ ಕುಟುಂಬಗಳು ಕೃತಜ್ಞತೆಯಿಂದ ಒಪ್ಪುತ್ತವೆ.

ಆದರೆ ಈ ವ್ಯವಸ್ಥೆಯಲ್ಲಿ ಮಂಜೂರಾದ ಮನೆಗೆ ಸಂಕೇತ ಸಂಖ್ಯೆಯಿದೆ, ತಳಪಾಯದಿಂದ ಛಾವಣಿಯವರೆಗೆ ಹಂತ ಹಂತಕ್ಕೂ ಜಿಪಿಎಸ್ ಛಾಯಾಚಿತ್ರವಿದೆ, ಕಂತು ಜಮೆಯಾದ ದಿನಾಂಕವಿದೆ. ಮಂಜೂರಾಗದೆ ಉಳಿದ ಅರ್ಜಿಯ ಬಗ್ಗೆ ಮಾತ್ರ ಅರ್ಜಿದಾರರ ಕೈಯಲ್ಲಿ ಬಹುಮಟ್ಟಿಗೆ ಯಾವ ಕಾಗದವೂ ಇರುವುದಿಲ್ಲ. ಗುರಿ ಎಂದರೆ ಒಂದು ವರ್ಷದಲ್ಲಿ ಪಂಚಾಯಿತಿಗೆ ಹಂಚಿಕೆಯಾಗುವ ಮನೆಗಳ ಸಂಖ್ಯೆ. ಅದು ಬಂದಾಗ ಪಟ್ಟಿ ತಯಾರಾಗುತ್ತದೆ, ಪಟ್ಟಿಯಲ್ಲಿ ಹೆಸರು ಬಾರದವರು ಮುಂದಿನ ಗುರಿ ಬಂದಾಗ ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. ವರ್ಷಗಟ್ಟಲೆ ಕಾದ ಕುಟುಂಬವೂ ಮೊನ್ನೆ ಕೇಳಿದ ಕುಟುಂಬವೂ ಆ ದಿನ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಯಾರು ಮೊದಲು ಎಂಬುದನ್ನು ತೋರಿಸುವ ದಾಖಲೆ ಇಲ್ಲದಿರುವಾಗ ಪರಿಚಯವೂ ಪ್ರಭಾವವೂ ಆ ಜಾಗವನ್ನು ತುಂಬಿಕೊಳ್ಳುತ್ತವೆ. ಈ ಮನವಿಯ ಬೇಡಿಕೆಗಳೆಲ್ಲ ಹುಟ್ಟಿರುವುದು ಈ ಕೊರತೆಯಿಂದ.

ವಸತಿ ನೆರವು ಕೋರುವುದು ಕೃಪೆಯನ್ನು ಬೇಡುವುದಲ್ಲ ಎಂಬುದಕ್ಕೆ ನ್ಯಾಯಾಲಯದ ಆಧಾರವಿದೆ. ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳಿಗೆ ಸಂಬಂಧಿಸಿದ 1985ರ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನೋಪಾಯದ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು. ಅದರ ನಂತರದ ಚಮೇಲಿ ಸಿಂಗ್ ಪ್ರಕರಣವು ಉತ್ತರ ಪ್ರದೇಶದಲ್ಲಿ ಪರಿಶಿಷ್ಟ ಜಾತಿಯವರ ಮನೆಗಳಿಗಾಗಿ ನಡೆದ ಭೂಸ್ವಾಧೀನವನ್ನು ಎತ್ತಿಹಿಡಿಯುತ್ತ, ಸೂರು ಎಂದರೆ ತಲೆಯ ಮೇಲಿನ ಮಾಡು ಮಾತ್ರವಲ್ಲ, ಸಾಕಷ್ಟು ಜಾಗ, ಭದ್ರ ಕಟ್ಟಡ, ಗಾಳಿ, ಬೆಳಕು, ನೀರು, ಶೌಚಾಲಯ, ವಿದ್ಯುತ್ತು, ರಸ್ತೆ ಇವೆಲ್ಲ ಕೂಡಿದ್ದು ಎಂದು ವಿವರಿಸಿತು. ಹಕ್ಕಿನ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಕೊಡುವುದು ಆ ಹಕ್ಕನ್ನು ಮನ್ನಿಸುವ ಅತಿ ಚಿಕ್ಕ ಹೆಜ್ಜೆ ಎಂದು ಅರ್ಜಿದಾರ ಕುಟುಂಬಗಳು ಭಾವಿಸುತ್ತವೆ.

ಆದುದರಿಂದ ಮೊದಲ ಬೇಡಿಕೆಯೆಂದರೆ, ಗ್ರಾಮ ಪಂಚಾಯಿತಿಗೆ ವಸತಿ ಅರ್ಜಿ ಕೊಡುವ ಪ್ರತಿ ಕುಟುಂಬಕ್ಕೂ, ಆ ವರ್ಷ ಗುರಿ ಬಂದಿರಲಿ ಬಾರದಿರಲಿ, ಮುದ್ರಿತ ಸ್ವೀಕೃತಿ ಸಂಖ್ಯೆ ನೀಡಬೇಕು. ಆ ಸಂಖ್ಯೆ ಯೋಜನೆ ಬದಲಾದರೂ ಸರ್ಕಾರ ಬದಲಾದರೂ ರದ್ದಾಗದೆ, ಕುಟುಂಬಕ್ಕೆ ಮನೆಯಾಗುವವರೆಗೆ ಊರ್ಜಿತವಾಗಿರಬೇಕು. ನಾಡಕಚೇರಿಯಲ್ಲಿ ಜಾತಿ ಅಥವಾ ಆದಾಯ ಪ್ರಮಾಣಪತ್ರ ಕೇಳಿದವರಿಗೆ ಸಕಾಲ ವ್ಯವಸ್ಥೆಯಡಿ ಸಂಖ್ಯೆಯೂ ಗಡುವೂ ಸಿಗುತ್ತವೆ. 2011ರ ಸಕಾಲ ಕಾಯ್ದೆಯು ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರವನ್ನೂ ಹೇಳುತ್ತದೆ. ಮನೆಯ ಅರ್ಜಿಗೆ ಲಗತ್ತಿಸುವ ಪ್ರಮಾಣಪತ್ರಕ್ಕೆ ಇಷ್ಟು ರಕ್ಷಣೆಯಿರುವಾಗ ಮನೆಯ ಅರ್ಜಿಯ ಸ್ವೀಕೃತಿ, ಸ್ಥಳ ಪರಿಶೀಲನೆ ಹಾಗೂ ಲಿಖಿತ ತೀರ್ಮಾನಕ್ಕೂ ಅದೇ ಬಗೆಯ ಕಾಲಮಿತಿ ಮತ್ತು ಮೇಲ್ಮನವಿಯ ದಾರಿ ಇರಬೇಕೆಂಬುದು ಅತಿಯಾದ ಬೇಡಿಕೆಯಲ್ಲ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಕುಟುಂಬಕ್ಕೆ ಕನ್ನಡದಲ್ಲಿ ಬರೆದು ತಿಳಿಸಬೇಕು. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಹಿಂದೆ ದ್ವಿಚಕ್ರ ವಾಹನವೋ ಫ್ರಿಜ್ಜೋ ಇದ್ದ ಮನೆಯವರನ್ನು ಅನರ್ಹರೆಂದು ಪಟ್ಟಿಯಿಂದ ಕೈಬಿಡಲಾಗುತ್ತಿತ್ತು. ಗಾರೆ ಕೆಲಸಕ್ಕೆ ಹೋಗಲು ಸಾಲದಲ್ಲಿ ಹಳೆಯ ಬೈಕು ಕೊಂಡವನು ಬಡವನಲ್ಲವೆಂದು ಎಣಿಸಿದ ಆ ನಿಯಮ ಅನ್ಯಾಯದ್ದಾಗಿತ್ತು. 2024ರಲ್ಲಿ ಅದನ್ನು ಸಡಿಲಿಸಲಾಯಿತು, ಕುಟುಂಬದ ಆದಾಯದ ಮಿತಿಯನ್ನೂ ತಿಂಗಳಿಗೆ 15,000 ರೂಪಾಯಿಗೆ ಏರಿಸಲಾಯಿತು. ಆದರೆ ಯಾವ ಕಾರಣಕ್ಕೆ ಹೆಸರು ಬಿಟ್ಟುಹೋಯಿತೆಂದು ತಿಳಿಯದ ಕುಟುಂಬಕ್ಕೆ ಆ ಕಾರಣ ಈಗ ಇಲ್ಲವಾಗಿದೆ ಎಂಬುದು ತಿಳಿಯುವುದಾದರೂ ಹೇಗೆ? ಹಳೆಯ ಮಾನದಂಡದಡಿ ಕೈಬಿಡಲಾದ ಕುಟುಂಬಗಳ ಹೆಸರುಗಳನ್ನು ಪಂಚಾಯಿತಿಗಳು ಹುಡುಕಿ ತೆಗೆದು, ಅವರಿಗೆ ಪತ್ರ ಬರೆದು, ಮರುಪರಿಶೀಲನೆ ನಡೆಸಬೇಕು.

ಸರದಿಯ ವಿಚಾರದಲ್ಲಿ ಕೇಂದ್ರದ ಯೋಜನೆಯಿಂದಲೇ ಒಂದು ಒಳ್ಳೆಯ ಅಂಶವನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಕಾಯಂ ನಿರೀಕ್ಷಣಾ ಪಟ್ಟಿ ಎಂಬುದಿದೆ: ಅರ್ಹ ಕುಟುಂಬಗಳನ್ನು ಮನೆಯೇ ಇಲ್ಲದವರು, ಒಂದು ಕಚ್ಚಾ ಕೋಣೆಯವರು, ಎರಡು ಕಚ್ಚಾ ಕೋಣೆಯವರು ಎಂದು ಕಷ್ಟದ ಕ್ರಮದಲ್ಲಿ ಜೋಡಿಸಿ, ಗುರಿ ಬಂದ ಹಾಗೆ ಮೇಲಿನಿಂದ ಕೆಳಕ್ಕೆ ಮಂಜೂರು ಮಾಡುವ ಕ್ರಮ ಅದು. ಆ ಪಟ್ಟಿ ನಿಂತಿದ್ದು 2011ರ ಸಾಮಾಜಿಕ, ಆರ್ಥಿಕ ಹಾಗೂ ಜಾತಿ ಗಣತಿಯ ಮೇಲೆ. ಆಮೇಲೆ ಮದುವೆಯಾಗಿ ಬೇರೆ ಒಲೆ ಹೂಡಿದವರು ಅದರ ಹೊರಗುಳಿದರು, ಬಿಟ್ಟುಹೋದವರಿಗಾಗಿ 2018ರಿಂದ ಬೇರೆ ಸಮೀಕ್ಷೆಗಳು ನಡೆಯಬೇಕಾಯಿತು. ಈ ಅನುಭವವನ್ನು ಗಮನದಲ್ಲಿಟ್ಟು, ರಾಜ್ಯದ ಎಲ್ಲ ವಸತಿ ಯೋಜನೆಗಳಿಗೂ ಅನ್ವಯಿಸುವ ಒಂದೇ ಸರದಿ ಪಟ್ಟಿಯನ್ನು ರೂಪಿಸಿ, ವರ್ಷದ ಯಾವ ದಿನವಾದರೂ ಹೊಸ ಹೆಸರು ಸೇರಿಸಲು ಅವಕಾಶ ಕೊಟ್ಟು, ಅದನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಡಿ ಫಲಾನುಭವಿಗಳನ್ನು ಗುರುತಿಸುವ ಹೊಣೆ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳದು. ಈ ಪಟ್ಟಿ ಆ ಅಧಿಕಾರವನ್ನು ಕಸಿಯುವುದಿಲ್ಲ. ಸಭೆಯು ಸರದಿಯನ್ನು ಮೀರಿ ಒಬ್ಬರನ್ನು ಮುಂದೆ ತಂದರೆ ಅದಕ್ಕೆ ಕಾರಣವನ್ನು ನಡವಳಿಯಲ್ಲಿ ಬರೆಯಬೇಕಾಗುತ್ತದೆ, ಅಷ್ಟೆ.

ಇನ್ನು ನಿವೇಶನದ ಪ್ರಶ್ನೆ, ಇದು ಎಲ್ಲಕ್ಕಿಂತ ಕಠಿಣವಾದದ್ದು. ಮನೆಯ ನೆರವು ಸಿಗಬೇಕಾದರೆ ನಿವೇಶನ ತನ್ನದೆಂದು ತೋರಿಸುವ ಹಕ್ಕುಪತ್ರವೋ, ಇ-ಸ್ವತ್ತು ತಂತ್ರಾಂಶದಿಂದ ಪಡೆದ ನಮೂನೆ 9 ಮತ್ತು 11ರ ಪ್ರತಿಗಳೋ ಬೇಕು. ನಮೂನೆ 9 ಎಂಬುದು ಸ್ವತ್ತಿನ ದಾಖಲೆಯಾದರೆ ನಮೂನೆ 11 ಅದರ ಮೇಲಿನ ತೆರಿಗೆಯ ಬೇಡಿಕೆ, ವಸೂಲಿ, ಬಾಕಿಗಳ ದಾಖಲೆ. ಹೀಗೆ, ಅಂಗೈಯಗಲ ಜಾಗವೂ ಇಲ್ಲದ ಅತ್ಯಂತ ಬಡವರೇ ನೆರವಿನಿಂದ ಮೊದಲು ಹೊರಬೀಳುತ್ತಾರೆ. ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡವರಿಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮು ಸಕ್ರಮದ ದಾರಿ ತೆರೆದಿದೆ, ದಾಖಲೆಯಿಲ್ಲದ ಜನವಸತಿಗಳಿಗೆ, ಅಂದರೆ ತಾಂಡಾ, ಗೊಲ್ಲರಹಟ್ಟಿ, ಹಾಡಿ, ಕ್ಯಾಂಪುಗಳಂಥ ನೆಲೆಗಳಿಗೆ, 94ಡಿ ಕಲಮು ಬಂದಿದೆ. ಆದರೆ ಈ ಅರ್ಜಿಗಳು ಕಂದಾಯ ಇಲಾಖೆಯ ಕಡತದಲ್ಲಿ ಕುಳಿತಿರುವಷ್ಟು ಕಾಲ ಅದೇ ಕುಟುಂಬದ ವಸತಿ ಅರ್ಜಿಯೂ ದಾಖಲೆಯಿಲ್ಲವೆಂಬ ಕಾರಣಕ್ಕೆ ನಿಂತುಬಿಡುತ್ತದೆ. ಒಂದು ಇಲಾಖೆಯ ವಿಳಂಬಕ್ಕೆ ಮತ್ತೊಂದು ಇಲಾಖೆ ಅರ್ಜಿದಾರರನ್ನು ದಂಡಿಸಬಾರದು.

ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವವರ ಸ್ಥಿತಿ ಇನ್ನೂ ಬಿಗಿಯಾದದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಸಾಲಾಗಿ ಕಟ್ಟಿದ ಈ ಮನೆಗಳು ಮಾಲೀಕರವು. ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು, ಹಾಗಾಗಿ ತಲೆಮಾರು ಕಳೆದರೂ ವಾಸದ ಪುರಾವೆಯೆಂಬುದು ಕೂಡುವುದಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವುಗೊಳಿಸಿದ್ದು, ದೀರ್ಘ ಹೋರಾಟದ ನಂತರ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆರಂಭವಾದದ್ದು ರಾಜ್ಯಕ್ಕೆ ತಿಳಿದ ಸಂಗತಿ. ಗುಡಿಸಲು ಕೆಡವಿದ ಮೇಲೆ ನಿವೇಶನ ಹುಡುಕುವ ಬದಲು, ಪ್ರತಿ ತಾಲ್ಲೂಕಿನಲ್ಲಿ ನಿವೇಶನರಹಿತರ ಪಟ್ಟಿಯನ್ನು ಮೊದಲು ಮಾಡಿ, ಅಷ್ಟು ಜನರಿಗೆ ಬೇಕಾದ ಸರ್ಕಾರಿ ಜಮೀನನ್ನು ಗುರುತಿಸಿ, ಜಮೀನಿಲ್ಲದ ಕಡೆ ಖರೀದಿಸಿ, ಆನಂತರವೇ ಆ ತಾಲ್ಲೂಕಿನ ಗುರಿಯನ್ನು ನಿಗದಿಪಡಿಸಬೇಕೆಂದು ಬೇಡಿಕೊಳ್ಳಲಾಗಿದೆ. ಹಕ್ಕುಪತ್ರದ ಅರ್ಜಿ ತೀರ್ಮಾನವಾಗದೆ ಉಳಿದ ಕುಟುಂಬಗಳಿಗೆ ವಾಸದ ಸ್ಥಳ ಪರಿಶೀಲನಾ ವರದಿಯ ಆಧಾರದ ಮೇಲೆ ಸರದಿಯಲ್ಲಿ ಸ್ಥಾನವನ್ನಾದರೂ ಕಾಯ್ದಿರಿಸಬೇಕು.

ಮಂಜೂರಾತಿಯನ್ನು ಮಹಿಳೆಯ ಹೆಸರಿನಲ್ಲಿ ನೀಡುವ ನಿಯಮ ಶ್ಲಾಘನೀಯ. ಅದೇ ನಿಯಮ ಗಂಡ ಬಿಟ್ಟುಹೋದ ಮಹಿಳೆಯ ಬಳಿ ಬಂದಾಗ ಮುಗ್ಗರಿಸುತ್ತದೆ: ಗಂಡ ಸತ್ತಿದ್ದರೆ ಮರಣ ಪ್ರಮಾಣಪತ್ರವಿರುತ್ತದೆ, ವಿಚ್ಛೇದನವಾಗಿದ್ದರೆ ನ್ಯಾಯಾಲಯದ ಆದೇಶವಿರುತ್ತದೆ, ಹೇಳದೆ ಕೇಳದೆ ಹೋದವನ ಬಗ್ಗೆ ಏನೂ ಇರುವುದಿಲ್ಲ, ಪಡಿತರ ಚೀಟಿಯಲ್ಲಿ ಅವನ ಹೆಸರು ಮಾತ್ರ ಉಳಿದಿರುತ್ತದೆ. ಇಂಥವರ ವಿಚಾರದಲ್ಲಿ ನೆರೆಹೊರೆಯವರ ಸಮಕ್ಷಮ ಮಾಡಿದ ಪಂಚನಾಮೆ ಮತ್ತು ಅಂಗನವಾಡಿ ಕಾರ್ಯಕರ್ತೆಯ ಹೇಳಿಕೆಯನ್ನು ಸಾಕಷ್ಟು ಪುರಾವೆಯೆಂದು ಒಪ್ಪಿ ಸುತ್ತೋಲೆ ಹೊರಡಿಸಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 37ನೇ ಕಲಮು ವಸತಿ ಯೋಜನೆಗಳಲ್ಲಿ ಶೇ 5ರಷ್ಟು ಮೀಸಲಾತಿಯನ್ನು ವಿಧಿಸಿರುವುದನ್ನೂ ಪ್ರತಿ ಪಂಚಾಯಿತಿಯ ಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು.

ಮಂಜೂರಾದ ಮೇಲಿನ ಕಷ್ಟವೂ ಕಡಿಮೆಯದಲ್ಲ. ರಾಜ್ಯದ ಯೋಜನೆಗಳಲ್ಲಿ ನೆರವು ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂಬ ಹಂತಗಳಲ್ಲಿ, ಪ್ರತಿ ಹಂತ ಮುಗಿದು ಛಾಯಾಚಿತ್ರ ದಾಖಲಾದ ನಂತರ, ಬಿಡುಗಡೆಯಾಗುತ್ತದೆ. ಅಂದರೆ ಕೈಯಲ್ಲಿ ಕಾಸಿಲ್ಲವೆಂದೇ ಆಯ್ಕೆಯಾದ ಕುಟುಂಬ ತಳಪಾಯದ ಕಲ್ಲು, ಸಿಮೆಂಟು, ಕೂಲಿಗೆ ಮೊದಲು ತಾನೇ ಹಣ ಹೊಂದಿಸಬೇಕು. ಆ ಹಣ ಬಡ್ಡಿ ಸಾಲದಿಂದಲೋ ಕಿರು ಹಣಕಾಸು ಸಂಸ್ಥೆಯ ವಾರದ ಕಂತಿನಿಂದಲೋ ಬರುತ್ತದೆ, ಸಾಲ ಹುಟ್ಟದವರ ಮನೆ ಗಡುವಿನೊಳಗೆ ಆರಂಭವಾಗದೆ ಬ್ಲಾಕ್ ಆಗುತ್ತದೆ, ಅಂದರೆ ಅದರ ನೆರವು ತಡೆಹಿಡಿಯಲ್ಪಡುತ್ತದೆ. ಕೇಂದ್ರದ ಗ್ರಾಮೀಣ ಆವಾಸ್ ಮಾರ್ಗಸೂಚಿ ಮಂಜೂರಾತಿ ಆದೇಶ ಹೊರಟ ಒಂದು ವಾರದೊಳಗೆ ಮೊದಲ ಕಂತು ಕೊಡಬೇಕೆನ್ನುತ್ತದೆ. ರಾಜ್ಯದ ಯೋಜನೆಗಳಲ್ಲೂ ಮುಂಗಡ ಕಂತಿನ ಈ ಕ್ರಮವನ್ನು ತರಬೇಕು. ಹಣದ ಕೊರತೆಯಿಂದ ಬ್ಲಾಕ್ ಆದ ಮನೆಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ವರದಿ ಪಡೆದು ಮರಳಿ ತೆರೆಯಬೇಕು, ಛಾಯಾಚಿತ್ರ ದಾಖಲಾದ ದಿನದಿಂದ ಕಂತು ಜಮೆಗೆ ಗಡುವು ವಿಧಿಸಬೇಕು.

ನೆರವಿನ ಮೊತ್ತದ ಬಗ್ಗೆ ಒಂದು ಸಂಗತಿ ಸಾಕು: ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ಎಂದು ಕೇಂದ್ರದ ಯೋಜನೆ 2016ರಲ್ಲಿ ಗೊತ್ತುಪಡಿಸಿತು, 2024ರಲ್ಲಿ ಯೋಜನೆಯನ್ನು 2028–29ರವರೆಗೆ ವಿಸ್ತರಿಸಿದಾಗಲೂ ಅದೇ ಮೊತ್ತ ಉಳಿಯಿತು. ಕನಿಷ್ಠ 25 ಚದರ ಮೀಟರಿನ ಮನೆಯನ್ನು ಇಂದಿನ ಮರಳು, ಕಬ್ಬಿಣ, ಕೂಲಿಯ ದರದಲ್ಲಿ ಇಷ್ಟರಲ್ಲಿ ಮುಗಿಸಲು ಆಗದೆಂಬುದು ಗಾರೆ ಕೆಲಸದವರಿಗೆಲ್ಲ ಗೊತ್ತು. ಮೊತ್ತವನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಗೆ ಜೋಡಿಸಿ ಪರಿಷ್ಕರಿಸುವಂತೆ ಕೇಂದ್ರಕ್ಕೆ ಶಿಫಾರಸು ಮಾಡಬೇಕು. ಅಲ್ಲಿಯವರೆಗಿನ ಅಂತರವನ್ನು ರಾಜ್ಯ ತುಂಬಿಕೊಡಬೇಕು.

ಈ ಬೇಡಿಕೆಗಳಲ್ಲಿ ಸ್ವೀಕೃತಿ ಸಂಖ್ಯೆ, ತಿರಸ್ಕಾರದ ಲಿಖಿತ ಕಾರಣ ಮತ್ತು ಸರದಿ ಪಟ್ಟಿಯ ಪ್ರಕಟಣೆಗೆ ಹೊಸ ಅನುದಾನವೂ ಬೇಕಿಲ್ಲ, ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ, ಸುತ್ತೋಲೆಯೊಂದು ಸಾಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ನೆರವಿನ ಯೋಜನೆಗಳ ವಿವರವನ್ನು ಕೇಳದೆಯೇ ಪ್ರಕಟಿಸಬೇಕೆಂದು ಈಗಾಗಲೇ ಹೇಳಿದೆ. ಆದ್ದರಿಂದ ಈ ಮೂರರ ಬಗ್ಗೆ 30 ದಿನಗಳೊಳಗೆ ಆದೇಶ ಹೊರಡಿಸಬೇಕು, ಉಳಿದ ಬೇಡಿಕೆಗಳ ಬಗ್ಗೆ ವಸತಿ, ಕಂದಾಯ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳ ಜಂಟಿ ಸಭೆ ಕರೆದು ಅರ್ಜಿದಾರ ಕುಟುಂಬಗಳ ಪ್ರತಿನಿಧಿಗಳನ್ನು, ವಿಶೇಷವಾಗಿ ಮಹಿಳೆಯರನ್ನು, ಆಹ್ವಾನಿಸಬೇಕು, ಮತ್ತು ಈ ಮನವಿ ಪತ್ರಕ್ಕೂ ಒಂದು ಸ್ವೀಕೃತಿ ಸಂಖ್ಯೆಯನ್ನು ನೀಡಬೇಕೆಂದು ಕೋರಲಾಗಿದೆ.

ಗೌರವಪೂರ್ವಕವಾಗಿ,
ಅರ್ಜಿದಾರ ಕುಟುಂಬಗಳ ಪರವಾಗಿ
(ಸಹಿ ಮತ್ತು ಹೆಬ್ಬೆರಳ ಗುರುತುಗಳ ಪುಟಗಳನ್ನು ಲಗತ್ತಿಸಿದೆ)

ಪ್ರತಿಗಳು: ಕಂದಾಯ ಇಲಾಖೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ, ಎಲ್ಲ ಜಿಲ್ಲಾ ಪಂಚಾಯಿತಿಗಳ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು